ಇಳಿಜಾರಿಗಾಗಿ ಒಂದು ಸ್ವಿಚ್ಚು

ಬೋರ್‌ವೆಲ್ ಇರುವ ಮನೆಯವರಿಗೆ ಆಟೋ ಸ್ಟಾರ್ಟರ್ ಬಗ್ಗೆ ನಾವು ಹೇಳಬೇಕಾಗಿಲ್ಲ. ನಡುರಾತ್ರಿ ತ್ರೀ ಫೇಸ್ ಬಂದರೆ ಮೋಟಾರು ತಾನೇ ಓಡುತ್ತದೆ, ಹಾಸಿಗೆಯಿಂದ ಏಳುವ ಕೆಲಸ ಇಲ್ಲ. ಆದರೂ ಡಬ್ಬಿಯ ಮೇಲೆ ಆಟೋ, ಮ್ಯಾನುವಲ್ ಅಂತ ಒಂದು ಸ್ವಿಚ್ಚು ಇರುತ್ತದೆ. ಪೈಪು ಒಡೆದಿದೆ, ತೋಟಕ್ಕೆ ನೀರು ಸಾಕಾಗಿದೆ ಅನ್ನುವುದು ಡಬ್ಬಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವುದು ನಮಗೆ. ಅದಕ್ಕೇ ಆ ಸ್ವಿಚ್ಚು.

ಅಮೆರಿಕದಲ್ಲಿ ಕಾರು, ಪಿಕಪ್ ಓಡಿಸುವವರಲ್ಲಿ ಕೆಲವರು 1980ರ ದಶಕದಿಂದ ಇಂಥದ್ದೇ ಒಂದು ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನಲ್ಲಿ ತಾವೇ ಕೂರಿಸಿಕೊಳ್ಳುತ್ತಿದ್ದಾರೆ. ಕಂಪನಿ ಕೊಟ್ಟ ಸ್ವಿಚ್ಚಲ್ಲ. ಒಂದು ತೂತು ಕೊರೆದು, ಎರಡು ವೈರು ಎಳೆದು ಹಾಕಿಕೊಂಡದ್ದು. ಅದಕ್ಕೆ ಲಾಕಪ್ ಸ್ವಿಚ್ ಅಂತ ಹೆಸರು. ಪೊಲೀಸ್ ಠಾಣೆಯ ಲಾಕಪ್ಪಿಗೂ ಇದಕ್ಕೂ ಸಂಬಂಧ ಇಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮುಂದೆ ಇರುವ ಟಾರ್ಕ್ ಕನ್ವರ್ಟರ್ ಅನ್ನುವ ಭಾಗವನ್ನು ಜಾರದಂತೆ ಬಿಗಿಹಿಡಿಯುವುದೇ ಇಲ್ಲಿ ಲಾಕಪ್. ಆ ಬಿಗಿಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ.

ಮೊದಲು ಕನ್ವರ್ಟರ್ ಏನು ಅಂತ ನೋಡೋಣ. ಟ್ರ್ಯಾಕ್ಟರನ್ನು ಗೇರಿನಲ್ಲಿ ನಿಲ್ಲಿಸಬೇಕೆಂದರೆ ಕ್ಲಚ್ ತುಳಿಯಬೇಕು, ಇಲ್ಲದಿದ್ದರೆ ಎಂಜಿನ್ ಗಕ್ಕನೆ ಆಫ್ ಆಗುತ್ತದೆ. ಆದರೆ ಕೆರೆ ಹೂಳೆತ್ತಲು ಬರುವ ಜೆಸಿಬಿಯನ್ನು ಗಮನಿಸಿ. ಮಣ್ಣಿನ ಗುಡ್ಡೆಗೆ ಬಕೆಟ್ ಒತ್ತಿ ನಿಂತಾಗ ಚಕ್ರ ತಿರುಗದಿದ್ದರೂ ಎಂಜಿನ್ ಓಡುತ್ತಲೇ ಇರುತ್ತದೆ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಲ್ಲಿರುವುದು ಎಣ್ಣೆ. ಉದ್ದಿನ ವಡೆ ಆಕಾರದ ಒಂದು ಲೋಹದ ಡಬ್ಬಿ, ಅದರೊಳಗೆ ಎದುರುಬದುರಾಗಿ ರೆಕ್ಕೆಗಳಿರುವ ಎರಡು ಚಕ್ರ, ತುಂಬ ಎಣ್ಣೆ. ಎಂಜಿನ್ ಕಡೆಯ ಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಆ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತದೆ. ನಡುವೆ ಮೂರನೆಯ ಸಣ್ಣ ಚಕ್ರವೊಂದು ಹಿಂದಿರುಗುವ ಎಣ್ಣೆಯ ದಿಕ್ಕು ತಿರುಗಿಸಿ ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಇದರಿಂದ ನಿಂತ ಗಾಡಿ ಹೊರಡುವಾಗ ಎಂಜಿನ್ನಿನ ಎಳೆತ ಸುಮಾರು ಎರಡು ಪಟ್ಟಾಗುತ್ತದೆ. ಕ್ಲಚ್ಚಿಲ್ಲ, ಕುಲುಕಾಟವಿಲ್ಲ.

ಇದರ ಬೆಲೆ ಜಾರುವಿಕೆ. ಎಣ್ಣೆಯ ಮೂಲಕ ಬಂದ ತಿರುಗುವಿಕೆ ಪೂರ್ತಿ ಆ ಕಡೆ ತಲುಪುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಎಂಜಿನ್ ಸ್ವಲ್ಪ ಹೆಚ್ಚು ಸುತ್ತುತ್ತದೆ, ಗೇರ್‌ಬಾಕ್ಸ್ ಸ್ವಲ್ಪ ಕಡಿಮೆ. ಆ ವ್ಯತ್ಯಾಸವೆಲ್ಲ ಬಿಸಿಯಾಗಿ ಎಣ್ಣೆಗೆ ಸೇರುತ್ತದೆ.

ಇದನ್ನು ಕಂಡುಹಿಡಿದವರು ಕಾರಿನವರಲ್ಲ, ಹಡಗಿನವರು. ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರ್ ಸ್ಟೆಟಿನ್ ಊರಿನ ವಲ್ಕನ್ ಹಡಗು ಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದಾಗ, 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಆ ಊರು ಈಗ ಪೋಲೆಂಡಿನಲ್ಲಿದೆ. ಹಬೆಯ ಟರ್ಬೈನ್ ಬಹಳ ವೇಗವಾಗಿ ತಿರುಗಿದರೆ ಲಾಭ, ಹಡಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಲಾಭ. ಎರಡನ್ನೂ ಒಪ್ಪಿಸಲು ನಡುವೆ ದ್ರವವನ್ನು ಇಟ್ಟರು. ಹಡಗಿಗೆ ಆಮೇಲೆ ಒಳ್ಳೆಯ ಗೇರುಗಳು ಬಂದವು, ಆದರೆ ಕಾರಿನವರು ಈ ಉಪಾಯವನ್ನು ಎತ್ತಿಕೊಂಡರು. ಜನರಲ್ ಮೋಟಾರ್ಸ್ 1940ರ ಮಾಡೆಲ್ಲಿನ ಓಲ್ಡ್ಸ್‌ಮೊಬೈಲ್ ಕಾರಿಗೆ ಹೈಡ್ರಾ-ಮ್ಯಾಟಿಕ್ ಹಾಕಿತು. ಅದರಲ್ಲಿದ್ದದ್ದು ಎಳೆತ ಹೆಚ್ಚಿಸದ, ಬರೀ ದಾಟಿಸುವ ಸರಳ ಎಣ್ಣೆ ಜೋಡಣೆ. ಪೂರ್ತಿ ಟಾರ್ಕ್ ಕನ್ವರ್ಟರ್ ಇದ್ದ ಡೈನಾಫ್ಲೋ 1948ರ ಬ್ಯೂಯಿಕ್ ಕಾರಿನಲ್ಲಿ ಬಂತು. ಬೆಣ್ಣೆಯಂತೆ ಹೊರಡುತ್ತಿತ್ತು, ಪೆಟ್ರೋಲನ್ನೂ ಚೆನ್ನಾಗಿ ಕುಡಿಯುತ್ತಿತ್ತು. ಆಗ ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಯಾರೂ ಅಂದರೆ, ಒಬ್ಬರನ್ನು ಬಿಟ್ಟು. ಪ್ಯಾಕರ್ಡ್ ಎಂಬ ಕಂಪನಿ 1949ರಲ್ಲಿ ತಂದ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕನ್ವರ್ಟರಿನೊಳಗೇ ಒಂದು ಕ್ಲಚ್ ಇತ್ತು. ಗಾಡಿ ವೇಗ ಹಿಡಿದ ಮೇಲೆ ಅದು ತಾನೇ ಹಿಡಿದುಕೊಂಡು ಎರಡು ಚಕ್ರಗಳನ್ನೂ ಒಂದು ಮಾಡುತ್ತಿತ್ತು. ಎಣ್ಣೆ ಹೊರಡುವುದಕ್ಕೆ ಮಾತ್ರ, ಆಮೇಲೆ ಲೋಹಕ್ಕೆ ಲೋಹ. ನಮ್ಮ ಅಭಿಪ್ರಾಯದಲ್ಲಿ ಈ ಇಡೀ ಕಥೆಯ ಜಾಣತನ ಇದೇ. ಆದರೆ ಪ್ಯಾಕರ್ಡ್ ದೊಡ್ಡ ಮೂವರ ಮುಂದೆ ಸಣ್ಣ ಕಂಪನಿ. 1958ಕ್ಕೆ ಆ ಹೆಸರೇ ಮಾರುಕಟ್ಟೆಯಿಂದ ಹೋಯಿತು. ಅವರ ಲಾಕಪ್ ಸುಮಾರು ಇಪ್ಪತ್ತು ವರ್ಷ ಕಾಯಬೇಕಾಯಿತು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿದವು. 1974ರಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗಮಿತಿ ಬಂತು. 1975ರಲ್ಲಿ ಮೈಲೇಜ್ ಕಾನೂನು: ಒಂದು ಕಂಪನಿ ಮಾರುವ ಕಾರುಗಳ ಸರಾಸರಿ 1978ರಲ್ಲಿ ಗ್ಯಾಲನ್ನಿಗೆ 18 ಮೈಲಿ ಕೊಡಬೇಕು, 1985ಕ್ಕೆ 27.5 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರಿನಿಂದ ಹನ್ನೊಂದೂಮುಕ್ಕಾಲಿಗೆ. ಈಗ ಎಲ್ಲ ಕಂಪನಿಗಳಿಗೂ ಆ ಜಾರುವಿಕೆ ಕಣ್ಣಿಗೆ ಬಿತ್ತು. ಕ್ರೈಸ್ಲರ್ 1978ರ ಮಾಡೆಲ್ಲಿಗೆ ಲಾಕಪ್ ಕನ್ವರ್ಟರ್ ಹಾಕಿತು. ಅದು ಎಣ್ಣೆಯ ಒತ್ತಡದಿಂದಲೇ ನಡೆಯುತ್ತಿತ್ತು. ಜನರಲ್ ಮೋಟಾರ್ಸ್ ಕಂಪ್ಯೂಟರಿನ ದಾರಿ ಹಿಡಿಯಿತು. 1982ರಲ್ಲಿ ಬಂದ ಅವರ 700-ಆರ್4 ಎಂಬ ನಾಲ್ಕು ಗೇರಿನ ಪೆಟ್ಟಿಗೆಯೊಳಗೆ ಕರೆಂಟಿನಿಂದ ತೆರೆದು ಮುಚ್ಚುವ ಒಂದು ಸಣ್ಣ ವಾಲ್ವ್ ಇದೆ, ಸೋಲೆನಾಯ್ಡ್ ಅನ್ನುತ್ತಾರೆ. ಎಂಜಿನ್ ಬಿಸಿಯಾಗಿದೆಯೇ, ವೇಗ ಎಷ್ಟು, ಆಕ್ಸಿಲರೇಟರ್ ಎಷ್ಟು ತುಳಿದಿದ್ದಾರೆ ಅಂತ ನೋಡಿ ಕಂಪ್ಯೂಟರ್ ಅದಕ್ಕೆ ಕರೆಂಟು ಹರಿಸುತ್ತದೆ. ಬ್ರೇಕ್ ಮುಟ್ಟಿದ ತಕ್ಷಣ ಪೆಡಲಿನ ಸ್ವಿಚ್ಚು ಕರೆಂಟು ಕತ್ತರಿಸುತ್ತದೆ, ಲಾಕ್ ಬಿಟ್ಟುಕೊಳ್ಳುತ್ತದೆ.

ಅಂದರೆ ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಅನ್ನುವ ತೀರ್ಮಾನ ಡ್ರೈವರಿನ ಎಡಗಾಲಿನಿಂದ ಒಂದು ಡಬ್ಬಿಗೆ ಹೋಯಿತು. ಆ ಡಬ್ಬಿಗೆ ಪಾಠ ಹೇಳಿಕೊಟ್ಟದ್ದು ಮೈಲೇಜ್ ಕಾನೂನು.

ಸ್ವಿಚ್ಚು ಹಾಕಿಕೊಂಡವರಲ್ಲಿ ಮೊದಲ ಗುಂಪು ಹಳೆ ಕಾರಿನ ಹುಚ್ಚಿನವರು. 1950, 60ರ ದಶಕದ ಕಾರಿಗೆ ಈ ಹೊಸ ನಾಲ್ಕು ಗೇರಿನ ಪೆಟ್ಟಿಗೆ ಕೂರಿಸಿದರೆ ಹೆದ್ದಾರಿಯಲ್ಲಿ ಎಂಜಿನ್ ಅರಚುವುದಿಲ್ಲ, ಪೆಟ್ರೋಲ್ ಉಳಿಯುತ್ತದೆ. ಆದರೆ ಆ ಕಾರಿನಲ್ಲಿ ಕಂಪ್ಯೂಟರೇ ಇಲ್ಲವಲ್ಲ! ಲಾಕ್ ಮಾಡುವವರು ಯಾರು? ಆದ್ದರಿಂದ ಇಗ್ನಿಷನ್‌ನಿಂದ ಫ್ಯೂಸ್ ಮೂಲಕ 12 ವೋಲ್ಟ್ ತಂದು, ಬ್ರೇಕ್ ಪೆಡಲಿನ ಸ್ವಿಚ್ಚನ್ನು ದಾಟಿಸಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಕೊಟ್ಟು, ಅಲ್ಲಿಂದ ಸೋಲೆನಾಯ್ಡಿಗೆ ಎಳೆದರು. ನಮ್ಮೂರಿನ ಯಾವ ಆಟೋ ಎಲೆಕ್ಟ್ರಿಷಿಯನ್ ಆದರೂ ಮಾಡಬಲ್ಲ ಕೆಲಸ. ಸ್ವಿಚ್ಚು ಒತ್ತಿದಾಗ ಎಂಜಿನ್ ಸುತ್ತು ನಿಮಿಷಕ್ಕೆ ಇನ್ನೂರರ ಆಸುಪಾಸು ಕೆಳಗಿಳಿಯುತ್ತದೆ. ಗೇರ್ ಬದಲಾಯಿತೇನೋ ಅನ್ನಿಸುತ್ತದೆ.

ಎರಡನೆಯ ಗುಂಪಿನದು ಮೋಜಲ್ಲ. ಕುದುರೆ, ದನ, ಟ್ರ್ಯಾಕ್ಟರ್, ಹುಲ್ಲಿನ ಹೊರೆ ಹೇರಿದ ಟ್ರೈಲರನ್ನು ಪಿಕಪ್ಪಿಗೆ ಕಟ್ಟಿ ಬೆಟ್ಟ ಹತ್ತಿಳಿಯುವ ಅಮೆರಿಕದ ರೈತರು, ಸಾಗಣೆಯವರು ಇದ್ದಾರೆ. ಕೊಲರಾಡೊ ರಾಜ್ಯದ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಹತ್ತಿರ ಸುಮಾರು 3,400 ಮೀಟರ್ ಎತ್ತರಕ್ಕೆ ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿ ಎತ್ತರ 1,900 ಮೀಟರ್ ಚಿಲ್ಲರೆ ಅಂದರೆ ಅಂದಾಜು ಸಿಗಬಹುದು. ಸುರಂಗದಿಂದ ಪಶ್ಚಿಮಕ್ಕೆ ಹೊರಬಿದ್ದರೆ ಉದ್ದಕ್ಕೂ ಇಳಿಜಾರು. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲಿ ಅಂತ ರಸ್ತೆ ಪಕ್ಕದಲ್ಲಿ ಜಲ್ಲಿ ತುಂಬಿದ ಏರುದಾರಿಗಳನ್ನೇ ಮಾಡಿದ್ದಾರೆ.

ಹತ್ತಿದ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಮಾಡಿ ಇಳಿಯಬಾರದು ಅನ್ನುವುದನ್ನು ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ. ಬ್ರೇಕ್ ಬಿಸಿಯಾದರೆ ಹಿಡಿಯುವುದಿಲ್ಲ, ಗಾಡಿಯನ್ನು ಎಂಜಿನ್ ಹಿಡಿದುಕೊಳ್ಳಬೇಕು. ಡೀಸೆಲ್ ಗಾಡಿಗೆ ಎಕ್ಸಾಸ್ಟ್ ಬ್ರೇಕ್ ಇದ್ದರೆ ಇನ್ನೂ ಗಟ್ಟಿ: ಹೊಗೆಯ ದಾರಿ ಕಟ್ಟಿದಾಗ ಎಂಜಿನ್ ತಿಣುಕುತ್ತದೆ, ಆ ತಿಣುಕು ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಆದರೆ ನಡುವೆ ಎಣ್ಣೆ ಇದ್ದರೆ? ಚಕ್ರದ ಕಡೆಯಿಂದ ಬಂದ ತಳ್ಳು ಎಣ್ಣೆಯಲ್ಲಿ ಜಾರಿ ಹೋಗುತ್ತದೆ. ಎಂಜಿನ್ ಸುಮ್ಮನೆ ಕೂರುತ್ತದೆ, ಗಾಡಿ ಓಡುತ್ತದೆ.

1990ರ ದಶಕದಲ್ಲಿ ಕಮ್ಮಿನ್ಸ್ ಡೀಸೆಲ್ ಎಂಜಿನ್ ಇದ್ದ ಡಾಡ್ಜ್ ರ‍್ಯಾಮ್ ಪಿಕಪ್ಪಿನವರಿಗೆ ಎದುರಾದದ್ದು ಇದೇ. ಗೇರ್‌ಬಾಕ್ಸಿನಲ್ಲಿ ಲಾಕಪ್ ಇತ್ತು. ಆದರೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಲಾಕ್ ಬಿಟ್ಟುಬಿಡುತ್ತಿತ್ತು. ಸಪಾಟು ರಸ್ತೆಯಲ್ಲಿ, ಬರಿಗಾಡಿಯಲ್ಲಿ ಅದು ಸರಿಯೇ. ಬೆನ್ನ ಹಿಂದೆ ಟನ್ನುಗಟ್ಟಲೆ ಭಾರ ಇಟ್ಟುಕೊಂಡು ಇಳಿಯುವವನಿಗೆ, ಕಾಲು ತೆಗೆಯುವ ಆ ಕ್ಷಣದಲ್ಲೇ ಹಿಡಿತ ಬೇಕು. ಹಿಂದೆ ಟ್ರೈಲರ್ ಇದೆ ಅಂತಲೂ ಮುಂದೆ ಇಳಿಜಾರು ಇದೆ ಅಂತಲೂ ಆ ಕಾಲದ ಕಂಪ್ಯೂಟರಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರು ಕಂಪ್ಯೂಟರಿನಿಂದ ಸೋಲೆನಾಯ್ಡಿಗೆ ಹೋಗುವ ವೈರನ್ನು ಹುಡುಕಿ, ಅದಕ್ಕೆ ಸ್ವಿಚ್ಚಿನ ಮೂಲಕ ತಾವೇ ಅರ್ಥ್ ಕೊಟ್ಟರು. ಇಳಿಜಾರಿನ ತಲೆಯಲ್ಲಿ ಸ್ವಿಚ್ಚು ಒತ್ತು, ಎಕ್ಸಾಸ್ಟ್ ಬ್ರೇಕ್ ಹಾಕು, ನಿಧಾನಕ್ಕೆ ಇಳಿ. ಏರುವಾಗಲೂ ಅನುಕೂಲ ಇದೆ. ಭಾರ ಎಳೆಯುವಾಗ ಕನ್ವರ್ಟರ್ ಜಾರುತ್ತಲೇ ಇದ್ದರೆ ಎಣ್ಣೆ ಕಾದು ಗೇರ್‌ಬಾಕ್ಸ್ ಸುಡುತ್ತದೆ, ಲಾಕ್ ಆದರೆ ಆ ಬಿಸಿ ಹುಟ್ಟುವುದಿಲ್ಲ.

ಇಲ್ಲಿಯವರೆಗೆ ಓದಿ ಸ್ವಿಚ್ಚಿನವರದ್ದೇ ಸರಿ, ಕಂಪನಿಯವರು ದಡ್ಡರು ಅಂತ ನಿಮಗೆ ಅನ್ನಿಸಿದ್ದರೆ, ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಕಂಪ್ಯೂಟರ್ ಲಾಕ್ ಬಿಡುವುದಕ್ಕೂ ಕಾರಣ ಇದೆ.

ಲಾಕ್ ಆದ ಗಾಡಿ ಅಂದರೆ ಕ್ಲಚ್ ಪೆಡಲೇ ಇಲ್ಲದ ಟ್ರ್ಯಾಕ್ಟರ್. ಸ್ವಿಚ್ಚು ಆರಿಸುವುದನ್ನು ಮರೆತು ಸಿಗ್ನಲ್ಲಿನಲ್ಲಿ ನಿಲ್ಲಲು ಹೋದರೆ ಎಂಜಿನ್ ಆಫ್. ಎಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ. 1980ರ ದಶಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಸೋಲೆನಾಯ್ಡ್ ಸಿಕ್ಕಿಕೊಂಡಾಗ ಹೀಗೇ ಆಗುತ್ತಿತ್ತು. ನಿಲ್ಲಿಸಿದ ಕೂಡಲೇ ಕಾರು ಉಸಿರು ಬಿಡುತ್ತಿತ್ತು. ಎಷ್ಟೋ ಮೆಕ್ಯಾನಿಕ್‌ಗಳು ಕನೆಕ್ಟರನ್ನೇ ಕಿತ್ತು ಬಿಟ್ಟು, ಮೈಲೇಜ್ ಹೋದರೂ ಪರವಾಗಿಲ್ಲ, ಕಾರು ಓಡಲಿ ಅಂದರು. ಹಾಗೆ ನೋಡಿದರೆ ಲಾಕಪ್ಪಿನ ಮೇಲೆ ಮನುಷ್ಯರು ಮಾಡಿದ ಮೊದಲ ತಿದ್ದುಪಡಿಗಳಲ್ಲಿ ಹಾಕುವುದಷ್ಟೇ ಅಲ್ಲ, ಕೀಳುವುದೂ ಇತ್ತು.

ಇನ್ನೊಂದು ಅಪಾಯ. ಕನ್ವರ್ಟರಿನೊಳಗಿನ ಕ್ಲಚ್ ಸಣ್ಣದು. ಆರಾಮವಾಗಿ ಓಡುವ ಗಾಡಿಯನ್ನು ಹಿಡಿದುಕೊಳ್ಳಲು ಮಾಡಿದ್ದು. ಕೆಳಗಿನ ಗೇರಿನಲ್ಲಿ, ಪೂರ್ತಿ ಆಕ್ಸಿಲರೇಟರ್ ತುಳಿದು ಲಾಕ್ ಒತ್ತಿದರೆ ಅದು ಜಾರಿ ಸುಡುತ್ತದೆ. ಎಂಜಿನ್ನಿಗೆ ಪವರ್ ಏರಿಸಿಕೊಂಡ ಗಾಡಿಗಳಲ್ಲಿ ಗೇರ್‌ಬಾಕ್ಸಿನ ಶಾಫ್ಟೇ ಮುರಿದದ್ದಿದೆ. ಸಿಂಗಲ್ ಫೇಸ್ ಪ್ರಿವೆಂಟರನ್ನು ಬೈಪಾಸ್ ಮಾಡಿ ಮೋಟಾರು ಸುಟ್ಟುಕೊಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬ್ರೇಕ್ ಪೆಡಲಿನ ಸ್ವಿಚ್ಚಿನದು. ವೈರನ್ನು ಅದರ ಮೂಲಕ ತಂದರೆ ಬ್ರೇಕ್ ಮುಟ್ಟಿದಾಗ ಲಾಕ್ ತಾನೇ ಬಿಡುತ್ತದೆ, ಎಂಜಿನ್ ಆಫ್ ಆಗುವ ಭಯವಿಲ್ಲ. ಆದರೆ ಇಳಿಜಾರಿನಲ್ಲಿ ಆಗಾಗ ಬ್ರೇಕ್ ಮುಟ್ಟಲೇಬೇಕು, ಮುಟ್ಟಿದಾಗಲೆಲ್ಲ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಮುಂದಕ್ಕೆ ನೂಕುತ್ತದೆ. ಅದನ್ನು ಬಿಟ್ಟು ನೇರ ಅರ್ಥ್ ಕೊಟ್ಟರೆ ಇಳಿಜಾರಿನಲ್ಲಿ ಹಿಡಿತ ಗಟ್ಟಿ, ಕೆಳಗಿನ ಮೊದಲ ಸಿಗ್ನಲ್ಲಿನಲ್ಲಿ ಮರೆತರೆ ಪಜೀತಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಭಾರ ಎಳೆಯುವವರು ಎರಡನೆಯದನ್ನು ಆರಿಸಿದ್ದು ನಮಗೆ ಅರ್ಥವಾಗುತ್ತದೆ. ಸುಮ್ಮನೆ ಪೇಟೆಗೆ ಹೋಗಿಬರುವ ಕಾರಿಗೆ ಅದೇ ಜೋಡಣೆ ಮಾಡಿಕೊಳ್ಳುವುದು ಮಾತ್ರ ತಪ್ಪು ಅಂತಲೇ ಹೇಳುತ್ತೇವೆ.

ಕಂಪನಿಗಳೂ ತಡವಾಗಿ ಅದೇ ದಾರಿಗೆ ಬಂದವು. 1990ರ ದಶಕದ ಕೊನೆಗೆ ಪಿಕಪ್ಪುಗಳಲ್ಲಿ ಟೋ/ಹಾಲ್ ಅನ್ನುವ ಬಟನ್ ಕಾಣಿಸಿಕೊಂಡಿತು. ಅದನ್ನು ಒತ್ತುವುದು ಅಂದರೆ, ಹಿಂದೆ ಭಾರ ಇದೆ ಅಂತ ಡ್ರೈವರ್ ಕಂಪ್ಯೂಟರಿಗೆ ಹೇಳುವುದು. ಆಮೇಲೆ ಬಂದ ಗಾಡಿಗಳಲ್ಲಿ ಆ ಬಟನ್ ಒತ್ತಿದ್ದರೆ ಇಳಿಜಾರಿನಲ್ಲಿ ಕಂಪ್ಯೂಟರ್ ತಾನೇ ಗೇರ್ ಇಳಿಸಿ, ಲಾಕನ್ನೂ ಹಿಡಿದಿಟ್ಟುಕೊಂಡು, ನಿಲ್ಲುವ ಮುಂಚೆ ಬಿಡುತ್ತದೆ.

ಹಳೆಯ ಪಿಕಪ್ಪುಗಳು ಇನ್ನೂ ಓಡುತ್ತಿವೆ, ಸ್ವಿಚ್ಚುಗಳೂ ಇವೆ. ಅನುಭವಸ್ಥರು ಸ್ವಿಚ್ಚಿನ ಪಕ್ಕ ಒಂದು ಸಣ್ಣ ಕೆಂಪು ದೀಪವನ್ನೂ ಹಾಕುತ್ತಾರೆ. ಲಾಕ್ ಇರುವಷ್ಟು ಹೊತ್ತು ಅದು ಉರಿಯುತ್ತದೆ. ಬೆಟ್ಟ ಇಳಿದು ಊರು ಕಂಡಾಗ ಮೊದಲು ಆ ದೀಪದ ಕಡೆ ನೋಡಬೇಕು.