ಮಧ್ಯಾವಧಿ ಚುನಾವಣೆ (ಅಮೆರಿಕ ಸಂಯುಕ್ತ ಸಂಸ್ಥಾನ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅಧ್ಯಕ್ಷನ ನಾಲ್ಕು ವರ್ಷಗಳ ಅಧಿಕಾರಾವಧಿ ಅರ್ಧದಷ್ಟು ಸಂದಾಗ, ನವೆಂಬರ್ ತಿಂಗಳ ಮೊದಲ ಸೋಮವಾರದ ಮರುದಿನವಾದ ಮಂಗಳವಾರದಂದು, ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ ಸೆನೆಟ್ಟಿನ ಸುಮಾರು ಮೂರರಲ್ಲೊಂದು ಭಾಗದ ಸ್ಥಾನಗಳಿಗೂ ನಡೆಯುವ ಚುನಾವಣೆ. ಅಂದೇ 36 ರಾಜ್ಯಗಳು ತಮ್ಮ ಗವರ್ನರರನ್ನೂ ಆರಿಸುವುವು. ಅಲ್ಲಿಯ ಗವರ್ನರನು ನಮ್ಮ ಮುಖ್ಯಮಂತ್ರಿಯಂತೆ ಆಳುವವನೇ ಹೊರತು ನಮ್ಮ ರಾಜ್ಯಪಾಲರಂತೆ ನೇಮಕಗೊಂಡವನಲ್ಲ.

ಮಧ್ಯಂತರ ಚುನಾವಣೆಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬೇರೆಯೇ ಸಂಗತಿ. 1984ರ ಲೋಕಸಭಾ ಚುನಾವಣೆಯಲ್ಲಿ ತಮ್ಮ ಜನತಾ ಪಕ್ಷವು ಕರ್ನಾಟಕದ 28 ಸ್ಥಾನಗಳ ಪೈಕಿ ನಾಲ್ಕನ್ನಷ್ಟೇ ಗಳಿಸಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಹೊಸ ಜನಾದೇಶವನ್ನು ಬಯಸಿ, 1985ರ ಮಾರ್ಚಿನಲ್ಲಿ 139 ಸ್ಥಾನಗಳೊಡನೆ ವಿಧಾನಸಭೆಗೆ ಮರಳಿದರು. ಅದು ಅವಧಿ ಮುರಿದುದರಿಂದ ಬಂದ ಚುನಾವಣೆ. ಅಮೆರಿಕದ್ದಾದರೋ ಅವಧಿ ಮುರಿಯಲಾಗದುದರಿಂದಲೇ ಹುಟ್ಟಿದ್ದು. ಪ್ರತಿನಿಧಿ ಸಭೆಯೂ ಸೆನೆಟ್ಟೂ ಸೇರಿದ ಕಾಂಗ್ರೆಸ್ಸನ್ನು ವಿಸರ್ಜಿಸುವ ಅಧಿಕಾರ ಅಧ್ಯಕ್ಷನಿಗಿಲ್ಲವಾದುದರಿಂದ, ಗಾಳಿ ಬೀಸುವ ದಿಕ್ಕು ನೋಡಿ ಚುನಾವಣೆಯನ್ನು ಹಿಂದಕ್ಕಾಗಲಿ ಮುಂದಕ್ಕಾಗಲಿ ಸರಿಸಲು ಅವನಿಂದಾಗದು. ಅಂತರ್ಯುದ್ಧದ ನಡುವಣ 1862ರಲ್ಲಿಯೂ ಎರಡನೆಯ ಮಹಾಯುದ್ಧದ 1942ರಲ್ಲಿಯೂ ಮತದಾನ ತಪ್ಪಲಿಲ್ಲ.

ಇದರ ಮೂಲವಿರುವುದು 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ ಸಂವಿಧಾನ ಸಭೆಯ ವಾಗ್ವಾದದಲ್ಲಿ. ಪ್ರತಿನಿಧಿಗಳು ವರ್ಷಕ್ಕೊಮ್ಮೆ ಜನರೆದುರು ನಿಲ್ಲಬೇಕೆಂದು ಕೆಲವರೂ, ಮೂರು ವರ್ಷ ಬೇಕೆಂದು ಜೇಮ್ಸ್ ಮ್ಯಾಡಿಸನ್ನನೂ ವಾದಿಸಲಾಗಿ, ಎರಡು ವರ್ಷವೆಂಬ ರಾಜಿ ಏರ್ಪಟ್ಟಿತು. ಸೆನೆಟ್ಟಿಗೆ ಆರು ವರ್ಷ. ಆದರೆ ಎಲ್ಲರೂ ಒಮ್ಮೆಗೇ ನಿವೃತ್ತರಾಗದಂತೆ ಸದಸ್ಯರನ್ನು ಮೂರು ವರ್ಗಗಳಾಗಿ ವಿಭಾಗಿಸಬೇಕಾಯಿತು. 1789ರ ಮೇ ತಿಂಗಳಲ್ಲಿ ಒಂದೇ ಅಳತೆಯ ಮೂರು ಚೀಟಿಗಳ ಮೇಲೆ 1, 2, 3 ಎಂದು ಬರೆದು, ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕಿ ಎತ್ತಲಾಯಿತು. ಮೊದಲ ಅಂಕ ಬಂದ ವರ್ಗದವರು ಎರಡೇ ವರ್ಷಕ್ಕೆ ಸ್ಥಾನ ತೆರವು ಮಾಡಬೇಕಾಯಿತು. ಗಂಭೀರವಾದ ಆ ಸಭೆಯ ಕಾಲಚಕ್ರವು ಇಂದಿಗೂ ಆ ಚೀಟಿಗಳ ಲೆಕ್ಕದಲ್ಲಿಯೇ ಉರುಳುತ್ತಿರುವುದು ಸೋಜಿಗ. ಸೆನೆಟರರನ್ನು ಮೊದಲು ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದುವು. 1913ರ ಹದಿನೇಳನೆಯ ತಿದ್ದುಪಡಿಯಿಂದ ಆ ಹಕ್ಕು ಜನರಿಗೆ ಬಂದಿತು.

ಮಂಗಳವಾರವೆಂಬುದು ಒಕ್ಕಲುತನದ ಕಾಲದ ಉಳಿಕೆ. ನವೆಂಬರಿಗೆ ಸುಗ್ಗಿ ಮುಗಿದಿರುತ್ತಿತ್ತು. ಭಾನುವಾರ ದೇವರ ಪ್ರಾರ್ಥನೆ, ಬುಧವಾರ ಅನೇಕ ಕಡೆ ಸಂತೆ. ಕುದುರೆಗಾಡಿಯಲ್ಲಿ ದೂರದ ಮತಗಟ್ಟೆಗೆ ಹೋಗಿಬರಲು ನಡುವಣ ದಿನಗಳೇ ಗತಿ. ಅಧ್ಯಕ್ಷನ ಚುನಾವಣೆಗೆ 1845ರಲ್ಲಿ ಗೊತ್ತುಮಾಡಿದ ಈ ದಿನವನ್ನು 1872ರ ಶಾಸನವು ಪ್ರತಿನಿಧಿ ಸಭೆಗೂ ವಿಸ್ತರಿಸಿತು.

ಅಧ್ಯಕ್ಷನ ಹೆಸರು ಮತಪತ್ರದಲ್ಲಿಲ್ಲದಿದ್ದರೂ ತೀರ್ಪು ಬಹುಮಟ್ಟಿಗೆ ಅವನ ಮೇಲೆಯೇ. 1866ರಲ್ಲಿ ಆಂಡ್ರ್ಯೂ ಜಾನ್ಸನ್ನನು ರೈಲಿನಲ್ಲಿ ಊರೂರು ಸುತ್ತಿ ಭಾಷಣ ಮಾಡಿ, ಎದುರು ಕೂಗಿದವರೊಡನೆ ವಾಗ್ಯುದ್ಧಕ್ಕಿಳಿದು, ವಿರೋಧಿಗಳ ಬಲವನ್ನೇ ಹೆಚ್ಚಿಸಿದನು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರು ಅವನ ಮೇಲೆ ಮಹಾಭಿಯೋಗ ಹೂಡಿದರು. 1994ರಲ್ಲಿ ಕ್ಲಿಂಟನ್ನರ ಡೆಮಾಕ್ರಟಿಕ್ ಪಕ್ಷವು ನಲವತ್ತು ವರ್ಷ ಬಿಡದೆ ಹಿಡಿದಿದ್ದ ಪ್ರತಿನಿಧಿ ಸಭೆಯನ್ನು ಕಳೆದುಕೊಂಡಿತು. ಇಪ್ಪತ್ತನೆಯ ಶತಮಾನದಿಂದೀಚೆಗೆ ಅಧ್ಯಕ್ಷನ ಪಕ್ಷವು ಆ ಸಭೆಯಲ್ಲಿ ಬಲ ಹೆಚ್ಚಿಸಿಕೊಂಡ 1934, 1998, 2002ರಂಥ ವರ್ಷಗಳು ತೀರ ವಿರಳ. ಮತದಾರರ ಉತ್ಸಾಹವೂ ಅಧ್ಯಕ್ಷೀಯ ಚುನಾವಣೆಯದಕ್ಕಿಂತ ಕಡಮೆಯೇ.

ಹಿಂದೆ ನವೆಂಬರಿನಲ್ಲಿ ಗೆದ್ದವರು ಸಾಮಾನ್ಯವಾಗಿ ಮರುವರ್ಷದ ಡಿಸೆಂಬರಿನವರೆಗೂ ಕಾಯಬೇಕಿತ್ತು. ಸೋತವರು ಮಾತ್ರ ಮಾರ್ಚಿನವರೆಗೆ ಶಾಸನ ಮಾಡುತ್ತ ಕುಳಿತಿರುತ್ತಿದ್ದರು. 1933ರ ಇಪ್ಪತ್ತನೆಯ ತಿದ್ದುಪಡಿಯು ಹೊಸ ಕಾಂಗ್ರೆಸ್ಸಿನ ಆರಂಭವನ್ನು ಜನವರಿ 3ಕ್ಕೆ ತಂದಿತು. ಆದರೂ ಸಭಾಧ್ಯಕ್ಷನ ಆಯ್ಕೆಯಾಗುವ ತನಕ ಪ್ರತಿನಿಧಿಗಳಿಗೆ ಪ್ರಮಾಣವಚನವಿಲ್ಲ. 2022ರಲ್ಲಿ ಮಿಷಿಗನ್ನಿನಿಂದ ಆಯ್ಕೆಯಾದ, ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರರೂ ಅವರೊಡನೆ ಗೆದ್ದ ಉಳಿದವರೂ 15 ಸುತ್ತಿನ ಮತದಾನ ಮುಗಿದ ಮೇಲೆ, 2023ರ ಜನವರಿ 7ರ ನಸುಕಿನಲ್ಲಿ ಪ್ರಮಾಣ ಸ್ವೀಕರಿಸಿದರು.