ಅಲಂದೆ ಸಾಸಿರದ ಎರೆಹೊಲ: ಶಾಸನದಿಂದ ಪಹಣಿಯವರೆಗೆ

ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಬರುವ ‘ಅಲಂದೆ ಸಾಸಿರ’ವು ಇಂದಿನ ಆಳಂದ ಪರಿಸರದ ಪ್ರಾಚೀನ ಆಡಳಿತ ವಿಭಾಗ. ಆ ಕಾಲದ ದಾನಶಾಸನಗಳನ್ನು ನಾವು ಸಾಮಾನ್ಯವಾಗಿ ರಾಜವಂಶಗಳ ಮತ್ತು ಬಸದಿ, ದೇಗುಲಗಳ ಚರಿತ್ರೆಗಾಗಿ ಓದುತ್ತೇವೆ. ಆದರೆ ಅವುಗಳ ದಾನಭಾಗದಲ್ಲಿ ಮತ್ತರಿನ ಲೆಕ್ಕದ ಹೊಲ, ತೋಂಟ, ಕೆರೆ, ಗಾಣಗಳ ಉಲ್ಲೇಖಗಳಿವೆ. ಗಾಣವಿದ್ದಲ್ಲಿ ಎಣ್ಣೆಕಾಳಿನ ಬೇಸಾಯವಿತ್ತು. ತೋಂಟವಿದ್ದಲ್ಲಿ ನೀರಿನ ಆಸರೆಯಿತ್ತು. ಸುಮಾರು 1025ರಲ್ಲಿ ರಚಿತವಾದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ವು ವೃಕ್ಷಾಯುರ್ವೇದಕ್ಕೂ ಅಂತರ್ಜಲ ಶೋಧನೆಗೂ ಎಡೆಗೊಟ್ಟಿರುವುದನ್ನು ಇದರೊಡನೆ ನೆನೆಯಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಮಳೆಯನ್ನು ನೆಚ್ಚಿದ ಎರೆಭೂಮಿಯ ಸೀಮೆ. ಆಳಂದದ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆಯಾದರೂ ಹೊಲಗಳಲ್ಲಿ ಹೆಚ್ಚಿನವು ಇಂದಿಗೂ ಮುಗಿಲನ್ನೇ ನೋಡುತ್ತವೆ. ಅನಿಶ್ಚಿತ ಮಳೆಗೆ ಇಲ್ಲಿಯ ಒಕ್ಕಲಿಗನು ಕಂಡುಕೊಂಡ ಉತ್ತರವೇ ಅಕ್ಕಡಿ ಬೇಸಾಯ. ಮುಂಗಾರಿನಲ್ಲಿ ತೊಗರಿಯೊಡನೆ ಹೆಸರು, ಉದ್ದು, ಎಳ್ಳು. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ಒಂದು ಬೆಳೆ ಕೈಕೊಟ್ಟರೆ ಮತ್ತೊಂದು ಕಾಯುತ್ತಿತ್ತು. ತೊಗರಿಯ ಬೇರು ಮಣ್ಣಿಗೆ ಸಾರಜನಕವನ್ನು ಕೂಡಿಸಿದರೆ, ಜೋಳದ ಕಣಿಕೆ ದನಗಳಿಗೆ ಮೇವಾಗಿ, ಅವುಗಳ ಗೊಬ್ಬರ ಹೊಲಕ್ಕೆ ಮರಳುತ್ತಿತ್ತು.

ಈ ಸಮತೋಲನ ಕೆಡಲು ಬೇಸಾಯದ ಸೋಲಿಗಿಂತ ತೊಗರಿಯ ಗೆಲುವೇ ಮುಖ್ಯ ಕಾರಣವಾಯಿತು. ಬೇಳೆಗೆ ಮಾರುಕಟ್ಟೆ ಬೆಳೆದಂತೆ ಅಕ್ಕಡಿಯ ಕಾಳುಗಳು ಹಿಂದೆ ಸರಿದು, ಹೊಲದ ತುಂಬ ತೊಗರಿಯೊಂದೇ ಉಳಿಯತೊಡಗಿತು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆಯಿತು. 2022-23ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದು, ಕಾಯಿ ಹಿಡಿಯಬೇಕಾದ ಗಿಡಗಳು ನಿಂತಲ್ಲೇ ಒಣಗಿದವು. ಆ ವರ್ಷದ ಅತಿವೃಷ್ಟಿಯೂ ಗಿಡಗಳನ್ನು ದುರ್ಬಲಗೊಳಿಸಿತ್ತು. ಆದರೆ ಸೊರಗು ತರುವ ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ವರ್ಷವೂ ತೊಗರಿಯನ್ನೇ ಬಿತ್ತಿದರೆ ಅದಕ್ಕೆ ಆಹಾರ ತಪ್ಪುವುದಿಲ್ಲ. ಜೋಳದೊಡನೆ ಬಿತ್ತಿದರೆ, ಇಲ್ಲವೇ ಬೆಳೆ ಬದಲಿಸಿದರೆ ಅದರ ಬಲ ಕುಗ್ಗುತ್ತದೆ. ಅಕ್ಕಡಿಯ ಸಾಲು ಹೊಟ್ಟೆಗೆ ಕಾಳು ಕೊಡುವುದರ ಜೊತೆಗೆ ರೋಗಕ್ಕೆ ತಡೆಗೋಡೆಯೂ ಆಗಿತ್ತು.

ಪರಿಸರದ ಸ್ಥಿರತೆಯೆಂದರೆ ಬದಲಾಗದಿರುವುದು ಎಂದರ್ಥವಲ್ಲ. ಪೆಟ್ಟು ಬಿದ್ದಾಗ ಚೇತರಿಸಿಕೊಳ್ಳುವ ಶಕ್ತಿ. ಆ ಶಕ್ತಿ ಹೊಲದ ವೈವಿಧ್ಯದಲ್ಲಿದೆ. ಪ್ರಾಚೀನ ಶಾಸನಗಳ ದಾನಭಾಗವನ್ನೂ ಇಂದಿನ ಪಹಣಿಯ ಬೆಳೆ ಕಾಲಮನ್ನೂ ಎದುರುಬದುರು ಇಟ್ಟು ಓದುವ ಸಂಶೋಧಕರಿಗೆ ಈ ಸೀಮೆಯಲ್ಲಿ ದೊಡ್ಡ ಕೆಲಸವಿದೆ. ಅಕ್ಕಡಿ ಬಿತ್ತಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಕೆಲಸ ನಡೆಯಬೇಕು.