ಚವದಾರ್ ಕೆರೆಯ ಹತ್ತು ವರ್ಷ

ಮೊನ್ನೆ ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಗುಡಿ ಮುಂದಿನ ನಲ್ಲಿ ಮುಟ್ಟಿದ್ದಕ್ಕೆ ಏಟು ತಿಂದವನು. ಅಟ್ರಾಸಿಟಿ ಕೇಸು ಹಾಕಿ ನಾಲ್ಕು ವರ್ಷ. "ಅಣ್ಣಾ, ವಾಯ್ದೆ ಮೇಲೆ ವಾಯ್ದೆ. ಕೂಲಿ ಬಿಟ್ಟು ಎಷ್ಟು ಸಲ ಕೋರ್ಟಿಗೆ ಹೋಗ್ಲಿ? ರಾಜಿ ಆಗ್ಬಿಡ್ತೀನಿ" ಅಂದ. ಭರವಸೆ ಇಟ್ಕೋ ಅನ್ನೋದು ನನಗೆ ಸುಲಭ, ಕೂಲಿ ಹೋಗೋದು ಅವನದ್ದು. ಏನೂ ಹೇಳೋಕಾಗ್ಲಿಲ್ಲ. ರಾತ್ರಿ ಮಹಾಡ್ ನೆನಪಾಯಿತು.

ಮಹಾಡ್ ಅಂದ್ರೆ ನಾವೆಲ್ಲ 1927ರ ಮಾರ್ಚ್ 20 ಅಂತೀವಿ, ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದ ದಿನ. ಪ್ರತಿ ವರ್ಷ ಪೋಸ್ಟ್ ಹಾಕ್ತೀವಿ, ಸರಿ. ಆದರೆ ಆ ಹಕ್ಕು ಕಾಗದದ ಮೇಲೆ ಮೊದಲೇ ಇತ್ತು. ಸಾರ್ವಜನಿಕ ಕೆರೆ-ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬ ಬೋಲೆಯವರ ನಿರ್ಣಯವನ್ನು ಮುಂಬೈ ಶಾಸನಸಭೆ 1923ರಲ್ಲೇ ಒಪ್ಪಿತ್ತು, ಮಹಾಡ್ ಪುರಸಭೆ 1924ರಲ್ಲಿ. ಅದನ್ನು ನಂಬಿ ನೀರು ಮುಟ್ಟಿದವರಿಗೆ ಹೊಡೆದರು. ಕೆರೆಗೆ ಸಗಣಿ, ಗಂಜಲ ಸುರಿದು "ಶುದ್ಧಿ" ಮಾಡಿದರು. (ಗಂಜಲ ಮಡಿ, ಮನುಷ್ಯನ ಕೈ ಮೈಲಿಗೆ!) ಪುರಸಭೆ ತನ್ನ ನಿರ್ಣಯವನ್ನೇ ವಾಪಸ್ ತಗೊಂಡಿತು.

ನಾವು ಕಡಿಮೆ ಮಾತಾಡೋದು ಅದೇ ಡಿಸೆಂಬರ್ ಬಗ್ಗೆ. ಮತ್ತೆ ನೀರು ಕುಡಿಯಲೇಬೇಕು ಅಂತ ಸಾವಿರಾರು ಜನ ಸೇರಿದ್ದರು. ಅಷ್ಟರಲ್ಲಿ ಸವರ್ಣೀಯರು ಕೆರೆ ತಮ್ಮದು ಅಂತ ತಡೆಯಾಜ್ಞೆ ತಂದಿದ್ದರು. 25ರಂದು ಮನುಸ್ಮೃತಿ ಸುಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ಕೆರೆ? ಜೈಲಿಗೂ ತಯಾರಿದ್ದ ಜನಕ್ಕೆ ಬಾಬಾಸಾಹೇಬರು ತಡೀರಿ ಅಂದರು. ಕೆರೆ ಸುತ್ತ ಮೆರವಣಿಗೆ ಹೋಗಿ, ನೀರು ಮುಟ್ಟದೆ ವಾಪಸಾದರು. ನೀರು ಕಣ್ಣೆದುರಿಗೇ ಇತ್ತು. ಅಲ್ಲಿ ನಾನಿದ್ದಿದ್ರೆ ಸೋತ್ವಿ ಅಂತಲೇ ಅಂದುಕೊಳ್ತಿದ್ದೆ.

ಕೇಸು ಎಳೆಯಿತು. ದುಂಡುಮೇಜಿನ ಸಭೆ, ಪೂನಾ ಒಪ್ಪಂದ ಎಲ್ಲಾ ಮುಗಿದರೂ ಅದು ಮುಗಿಯಲಿಲ್ಲ. 1935ರಲ್ಲಿ ಯೇವಲಾದಲ್ಲಿ ಅವರು ಹಿಂದೂವಾಗಿ ಸಾಯಲಾರೆ ಅಂದರು. ಆ ಧರ್ಮದ ಮೇಲೆ ಆಸೆ ಬಿಟ್ಟರು, ಕೆರೆ ಕೇಸು ಬಿಡಲಿಲ್ಲ! ಎಲ್ಲಿ ಆಸೆ ಬಿಡಬೇಕು ಅನ್ನೋದೂ ಗೊತ್ತಿದ್ದ ಮನುಷ್ಯ. ನಮ್ಮವರನ್ನು ಹೊರಗಿಡೋದು ಅನಾದಿ ಕಾಲದ ರೂಢಿ ಎಂಬುದು ಸಾಬೀತಾಗಿಲ್ಲ ಅಂತ ಬಾಂಬೆ ಹೈಕೋರ್ಟ್ ಹೇಳಿದ್ದು 1937ರ ಮಾರ್ಚ್ 17ಕ್ಕೆ. ಹತ್ತು ವರ್ಷಕ್ಕೆ ಮೂರು ದಿನ ಕಮ್ಮಿ.

ಬೆಳಿಗ್ಗೆ ಹುಡುಗನಿಗೆ ಇದನ್ನೆಲ್ಲ ಹೇಳಿದೆ. "ಹತ್ತು ವರ್ಷನಾ ಅಣ್ಣಾ?" ಅಂತ ನಕ್ಕ. ನಗುವಲ್ಲಿ ಸಿಟ್ಟೂ ಇತ್ತು. ರಾಜಿ ಆಗಲ್ಲ ಅಂತ ಅವನಿನ್ನೂ ಹೇಳಿಲ್ಲ. ಸೋಮವಾರ ವಾಯ್ದೆ ಇದೆ. ಅವನ ಆ ದಿನದ ಕೂಲಿ ನಾವು ಕೆಲವರು ಸೇರಿಸ್ತಿದ್ದೀವಿ. ಹತ್ತಿರ ಇರೋರು ಕೋರ್ಟಿಗೆ ಬಂದು ಅವನ ಜೊತೆ ನಿಲ್ಲಿ.

ಜೈ ಭೀಮ್.